ಕಾಟೊ ಕಿಯೊಮಾಸ: ಹುಲಿ ಬೇಟೆಯ ಕಥೆ ಬದಿಗಿಟ್ಟು ಕಲ್ಲು, ನೀರಿನ ಲೆಕ್ಕ ನೋಡೋಣ

ಓಲೆಗರಿ:
ಸಮುರಾಯ್‌ಗಳ ಮಾತು ಬಂದಾಗಲೆಲ್ಲ ಜಪಾನನ್ನು ಒಗ್ಗೂಡಿಸಿದ ನೊಬುನಾಗ, ಹಿಡೆಯೋಶಿ, ಇಯೆಯಾಸು ಈ ಮೂವರ ಸುತ್ತಲೇ ಗಿರಕಿ ಹೊಡೆಯುತ್ತೇವೆ. ಈ ಸಲ ಎರಡನೇ ಸಾಲಿನ ಒಬ್ಬ ದಂಡನಾಯಕನನ್ನು ಹಿಡಿಯೋಣ: ಕಾಟೊ ಕಿಯೊಮಾಸ.

ಗೊತ್ತಿರುವ ಅಸ್ಥಿಪಂಜರ ಇಷ್ಟು. 1562ರಲ್ಲಿ ಒವಾರಿ ಪ್ರಾಂತ್ಯದ ನಕಾಮುರದಲ್ಲಿ ಹುಟ್ಟು. ಇವತ್ತಿಗೆ ಅದು ನಗೋಯ ನಗರದೊಳಗಿನ ಒಂದು ವಾರ್ಡು. ತಂದೆ ಬೇಗ ತೀರಿಕೊಂಡ. ತಾಯಿ ಹಿಡೆಯೋಶಿಯ ತಾಯಿಗೆ ನಂಟು, ಹಾಗಾಗಿ ಹುಡುಗ ಹಿಡೆಯೋಶಿಯ ಮನೆಯಲ್ಲೇ ಬೆಳೆದ. 1583ರ ಶಿಜುಗತಾಕೆ ಕಾಳಗದ ‘ಏಳು ಈಟಿ’ಗಳಲ್ಲಿ ಒಬ್ಬನೆಂದು ಹೆಸರು, 3,000 ಕೊಕು ಇನಾಮು. ಒಂದು ಕೊಕು ಅಂದರೆ ಸುಮಾರು 180 ಲೀಟರ್ ಅಕ್ಕಿ, ಒಬ್ಬ ಮನುಷ್ಯನ ವರ್ಷದ ಊಟ. 1588ರಲ್ಲಿ ಕ್ಯೂಶು ದ್ವೀಪದ ಹಿಗೊ ಪ್ರಾಂತ್ಯದ ಉತ್ತರಾರ್ಧ, ಸುಮಾರು 1 ಲಕ್ಷ 95 ಸಾವಿರ ಕೊಕು. 1592ರಿಂದ 98ರವರೆಗೆ ಹಿಡೆಯೋಶಿ ಕೊರಿಯಾದ ಮೇಲೆ ನಡೆಸಿದ ಯುದ್ಧ. 1600ರ ಸೆಕಿಗಹಾರ ಕಾಳಗದ ಹೊತ್ತಿನಲ್ಲಿ ಇಯೆಯಾಸು ಕಡೆ ನಿಂತು ಹಿಗೊದ ಬಹುಪಾಲು ದಕ್ಕಿಸಿಕೊಂಡ. 1607ರಲ್ಲಿ ಹಿಗೊದ ಕುಮಾಮೊಟೊ ಕೋಟೆ ಪೂರ್ಣ. 1611ರಲ್ಲಿ ಸಾವು. 1632ರಲ್ಲಿ ಮಗ ತದಾಹಿರೊನ ಕೈಯಿಂದ ಸೀಮೆ ಹೋಯಿತು.

ನನ್ನ ಪ್ರಶ್ನೆ ಇದು. 3,000 ಕೊಕುವಿನ ಹುಡುಗ 26ನೇ ವಯಸ್ಸಿಗೆ ಅರ್ಧ ಪ್ರಾಂತ್ಯ ಆಳಿದ್ದು, ಆಮೇಲೆ ಇಷ್ಟೊಂದು ಕಟ್ಟಿದ್ದು ಹೇಗೆ? ಕೊರಿಯಾದಲ್ಲಿ ಈಟಿಯಿಂದ ಹುಲಿ ಕೊಂದನೆಂಬ ಕಥೆ ಪ್ರಸಿದ್ಧ, ಆದರೆ ಹುಲಿ ಕೊಂದದ್ದರಿಂದಂತೂ ಅಲ್ಲವಲ್ಲ.

ಪೂರ್ವಸಮುದ್ರ:
‘ಏಳು ಈಟಿ’ ಬಿರುದೇ ನಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಶಿಜುಗತಾಕೆಯಿಂದ ಕೊರಿಯಾದವರೆಗಿನ ಒಂಬತ್ತು ವರ್ಷ ಅವನು ದೊಡ್ಡ ಪಡೆ ನಡೆಸಿದವನೇ ಅಲ್ಲ. ಅವನಿಗೆ ಹೆಚ್ಚಾಗಿ ಸಿಕ್ಕಿದ್ದು ಹಿಡೆಯೋಶಿಯ ಖಾಸಾ ಜಮೀನುಗಳ ಉಸ್ತುವಾರಿ: ಯಾವ ಊರಿಂದ ಎಷ್ಟು ಅಕ್ಕಿ ಬರಬೇಕು, ಎಷ್ಟು ಬಂತು, ಯಾವ ಕಣಜಕ್ಕೆ ಹೋಯಿತು. ನಮ್ಮ ಮಾತಲ್ಲಿ ಹೇಳುವುದಾದರೆ ಶಾನುಭೋಗಿಕೆಯಲ್ಲಿ ಪಳಗಿದ ಕೈ. ಹಿಗೊಗೆ ಬೇಕಿದ್ದದ್ದೂ ಅಂಥ ಕೈಯೇ.

ಅವನ ಹಿಂದಿನವನಿಗೆ ಏನಾಯಿತು ನೋಡಿ. ಸಾಸ್ಸ ನರಿಮಾಸ 1587ರಲ್ಲಿ ಹಿಗೊಗೆ ಬಂದವನೇ ಜಮೀನು ಅಳೆಯಲು ಹೊರಟ. ಸ್ಥಳೀಯ ಪಾಳೇಗಾರರು ತಿರುಗಿಬಿದ್ದರು, ಇಡೀ ಪ್ರಾಂತ್ಯ ಹೊತ್ತಿಕೊಂಡಿತು. ಹಿಡೆಯೋಶಿ 1588ರಲ್ಲಿ ನರಿಮಾಸನಿಗೆ ಹೊಟ್ಟೆ ಸೀಳಿಕೊಳ್ಳಲು ಅಪ್ಪಣೆ ಕೊಟ್ಟು, ಹಿಗೊವನ್ನು ಎರಡು ತುಂಡು ಮಾಡಿ ಉತ್ತರ ಕಿಯೊಮಾಸನಿಗೆ, ದಕ್ಷಿಣ ಕೊನಿಶಿ ಯುಕಿನಾಗನಿಗೆ ಕೊಟ್ಟ. ಕಿಯೊಮಾಸ ನಿಚಿರೆನ್ ಬೌದ್ಧ ಪಂಥದವನು, ಬಾವುಟದ ಮೇಲೆಯೇ ಸದ್ಧರ್ಮಪುಂಡರೀಕ ಸೂತ್ರದ ಮಂತ್ರ ಬರೆಸಿಕೊಂಡವನು. ಕೊನಿಶಿ ಕ್ರೈಸ್ತ. ಗಡಿಯಾಚೆ ಈಚೆ ಕೂತ ಇವರಿಬ್ಬರದು ಹಾವು ಮುಂಗುಸಿ ಸಂಬಂಧ, ಅದು ಕೊರಿಯಾದಲ್ಲೂ ಮುಂದುವರಿಯಿತು.

ಚಕ್ಕೆಕಲ್ಲು:
ಹುಲಿ ವಿಷಯಕ್ಕೆ ಒಂದೇ ಮಾತು, ಆಮೇಲೆ ಎತ್ತುವುದಿಲ್ಲ. ಅವನ ಈಟಿಯ ಒಂದು ಪಕ್ಕದ ಕೊಂಬನ್ನು ಹುಲಿ ಕಚ್ಚಿ ಮುರಿಯಿತು ಅನ್ನುತ್ತಾರಲ್ಲ, ಆ ಈಟಿ ಟೋಕಿಯೊ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಒಂದು ಕೊಂಬು ಉದ್ದ, ಒಂದು ಗಿಡ್ಡ. ಆದರೆ ಮುರಿದದ್ದಲ್ಲ, ಕಮ್ಮಾರ ಹಾಗೇ ಬಡಿದದ್ದು. ‘ಒಂದು ಕೊಂಬಿನ ಈಟಿ’ ಅನ್ನುವ ಮಾದರಿಯೇ ಇತ್ತು. ಮಗಳು ಯಾಸೊಹಿಮೆ ಇಯೆಯಾಸುವಿನ ವಂಶದ ಕಿಶು ಟೊಕುಗಾವ ಮನೆಗೆ ಸೊಸೆಯಾಗಿ ಹೋದಾಗ ಅದೂ ಜೊತೆಗೆ ಹೋಯಿತು. ಕೊರಿಯಾದಲ್ಲಿ ಹುಲಿ ಹೊಡೆದ ಜಪಾನಿ ನಾಯಕರು ಬೇರೆಯವರೂ ಇದ್ದಾರೆ. ಹುಲಿಮಾಂಸ ಔಷಧಿ ಎಂದು ಹಿಡೆಯೋಶಿಗೆ ಕಳಿಸುವ ಪೈಪೋಟಿ ಅದು.

ಮೂಲೆಗಲ್ಲು:
ಕೋಟೆಗೆ ಬರೋಣ. ಕುಮಾಮೊಟೊ ಕೋಟೆಯ ಕಲ್ಲುಗೋಡೆ ಗಾರೆ ಇಲ್ಲದ ಬರಿಗಲ್ಲಿನ ಕಟ್ಟಡ. ಕಲ್ಲು ಹೆಚ್ಚಾಗಿ ಪಕ್ಕದ ಕಿನ್ಪೊ ಬೆಟ್ಟದ ಆಂಡಿಸೈಟ್ ಎಂಬ ಜ್ವಾಲಾಮುಖಿ ಕಲ್ಲು. ಓಮಿ ಪ್ರಾಂತ್ಯದ ಅನೊ ಕಡೆಯ ಕಲ್ಕುಟಿಗರ ಪರಂಪರೆಯ ಕೆಲಸ. ಒಳಗೆ ಮೂರು ಪದರ ಇರುತ್ತದೆ.

ಎದುರಿಗೆ ಕಾಣುವುದು ಮುಖದ ಕಲ್ಲು. ಅದರ ಅಗಲಕ್ಕಿಂತ ಗೋಡೆಯೊಳಗೆ ಹೋಗುವ ಉದ್ದ ಹೆಚ್ಚಿರಬೇಕು. ಹಲ್ಲು ದವಡೆಯಲ್ಲಿ ಕೂತ ಹಾಗೆ. ಉದ್ದ ಕಮ್ಮಿಯಾದರೆ ಆ ಕಲ್ಲು ಬರೀ ಅಂಟಿಸಿದ ಬಿಲ್ಲೆ, ಹಿಂದಿನಿಂದ ಒತ್ತಡ ಬಂದ ದಿನ ಉದುರುತ್ತದೆ. ಅದರ ಹಿಂದೆ ಮುಷ್ಟಿಯಿಂದ ತಲೆ ಗಾತ್ರದವರೆಗಿನ ಗುಂಡುಕಲ್ಲುಗಳ ಜಲ್ಲಿಪದರ. ಅದರ ಕೆಲಸ ನೀರು ಇಳಿಸುವುದು. ಮಣ್ಣಿನಲ್ಲಿ ಮಳೆನೀರು ನಿಂತರೆ ಮಣ್ಣು ಉಬ್ಬಿ ಗೋಡೆ ತಳ್ಳುತ್ತದೆ. ಜಲ್ಲಿ ಇದ್ದರೆ ನೀರು ಅಡಿಗೆ ಇಳಿದುಹೋಗುತ್ತದೆ. ಮೂರನೆಯದು ದಿಮ್ಮಿಸಿದ ಮಣ್ಣು. ಮುಖದ ಕಲ್ಲುಗಳ ಸಂದಿಯಲ್ಲಿ ಚಕ್ಕೆಕಲ್ಲು ತುರುಕುತ್ತಾರೆ. ನೋಡುವವರಿಗೆ ಅದು ಅಲಂಕಾರ ಅನ್ನಿಸುತ್ತದೆ, ಆದರೆ ಕಲ್ಲು ಅಲುಗದಂತೆ ಹಿಡಿಯುವುದು ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ ಕೊಟ್ಟ ಚಕ್ಕೆ.

ಇಳಿಜಾರಿನ ವಿಷಯ. ಬುಡದಲ್ಲಿ ಗೋಡೆ ಮಲಗಿದ ಹಾಗಿರುತ್ತದೆ, ಯಾರು ಬೇಕಾದರೂ ನಾಲ್ಕು ಹೆಜ್ಜೆ ಓಡಿ ಹತ್ತಬಹುದು. ಹತ್ತುತ್ತಾ ಹೋದಂತೆ ಕಡಿದಾಗಿ ಮೇಲ್ತುದಿಯಲ್ಲಿ ನೆಟ್ಟಗೆ ನಿಲ್ಲುತ್ತದೆ. ಬಿಚ್ಚಿದ ಬೀಸಣಿಗೆಯ ಅಂಚಿನಂಥ ಬಾಗು. ಇದಕ್ಕೆ ಜಪಾನಿಯಲ್ಲಿ ‘ಮುಶಾ-ಗಯೆಶಿ’, ಅಂದರೆ ಯೋಧನನ್ನು ವಾಪಸ್ ಕಳಿಸುವುದು ಎಂದು ಹೆಸರು. ಶತ್ರು ಹತ್ತದಿರಲಿ ಅಂತಲೇ ಹೀಗೆ ಮಾಡಿದ್ದು ಅಂತ ಎಲ್ಲ ಕಡೆ ಬರೆದಿರುತ್ತದೆ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ.

ಓಲೆಗರಿ:
ಇನ್ನರ್ಧ?

ಮೂಲೆಗಲ್ಲು:
ಮೂಲೆ ಕಟ್ಟುವ ವಿದ್ಯೆ ಆಗಿನ್ನೂ ಪಳಗಿರಲಿಲ್ಲ. ಗೋಡೆಯ ಬಲಹೀನ ಜಾಗ ಮೂಲೆ. ಎರಡು ಕಡೆಯ ಒತ್ತಡವೂ ಅಲ್ಲಿ ಬಂದು ಸೇರುತ್ತದೆ, ಹಿಡಿದುಕೊಳ್ಳಲು ಪಕ್ಕದಲ್ಲಿ ಕಲ್ಲಿಲ್ಲ. ಆಮೇಲೆ ಬಂದ ಪರಿಹಾರ, ಉದ್ದನೆಯ ಆಯತದ ಕಲ್ಲುಗಳನ್ನು ಒಂದು ವರಸೆಯಲ್ಲಿ ಬಲಕ್ಕೆ ಉದ್ದ ಚಾಚಿ, ಮೇಲಿನ ವರಸೆಯಲ್ಲಿ ಎಡಕ್ಕೆ ಉದ್ದ ಚಾಚಿ ಒಂದರ ಮೇಲೊಂದು ಹೆಣೆಯುವುದು. ಹೀಗೆ ಹೆಣೆದ ಮೂಲೆ ಕಡಿದಾದ ಗೋಡೆಯನ್ನೂ ತಡೆಯುತ್ತದೆ. ಹೆಣಿಗೆ ಪಕ್ವವಾಗದ ಕಾಲದಲ್ಲಿ ಎತ್ತರ ಬೇಕೆಂದರೆ ಬುಡ ಅಗಲಿಸಿ ಮಲಗಿಸದೆ ಗತಿ ಇಲ್ಲ.

ಇದಕ್ಕೆ ಸಾಕ್ಷಿ ಕೋಟೆಯೊಳಗೇ ಇದೆ. ‘ಎರಡು ಬಗೆಯ ಗೋಡೆ’ ಎನ್ನುವ ಜಾಗದಲ್ಲಿ ಮಲಗಿದ ಹಳೇ ಗೋಡೆಗೆ ಒತ್ತಿಕೊಂಡು ಕಡಿದಾದ ಹೊಸ ಗೋಡೆ ನಿಂತಿದೆ. ಹಳೇ ಮೂಲೆಯ ಕಲ್ಲುಗಳು ಸಣ್ಣ ದೊಡ್ಡ ಬೆರಕೆ. ಹೊಸದರ ಮೂಲೆ ಅಚ್ಚುಕಟ್ಟಾಗಿ ಹೆಣೆದದ್ದು. ಕೆಲವೇ ದಶಕಗಳಲ್ಲಿ ಕೈಕಸುಬು ಎಷ್ಟು ಮುಂದೆ ಹೋಯಿತು ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ.

ಪೂರ್ವಸಮುದ್ರ:
ಕೋಟೆಯ ಇನ್ನೊಂದು ಅರ್ಥ ತಿಳಿಯಬೇಕಾದರೆ ಕೊರಿಯಾದ ಉಲ್ಸಾನ್‌ನಲ್ಲಿ ಅವನು ಕಂಡ ಮುತ್ತಿಗೆ ಗೊತ್ತಿರಬೇಕು.

1592ರಲ್ಲಿ ಅವನು ಎರಡನೇ ದಳದ ನಾಯಕ. ಅವನದು 10,000, ನಬೆಶಿಮ ನವೊಶಿಗೆಯದು 12,000, ಸಗಾರನದು 800. ಈಶಾನ್ಯದ ಹಮ್‌ಗ್ಯೊಂಗ್ ಪ್ರಾಂತ್ಯಕ್ಕೆ ನುಗ್ಗಿ ಹೊಯೆರ್ಯೊಂಗ್‌ನಲ್ಲಿ ಕೊರಿಯಾದ ಇಬ್ಬರು ರಾಜಕುಮಾರರನ್ನು ಸೆರೆ ಹಿಡಿದ, ತುಮೆನ್ ನದಿ ದಾಟಿ ಮಂಚೂರಿಯಾದ ಜುರ್ಚೆನ್ ಬುಡಕಟ್ಟಿನವರ ನೆಲಕ್ಕೂ ಕಾಲಿಟ್ಟ. ನಕಾಶೆಯ ಮೇಲೆ ಅದ್ಭುತ, ಸರಬರಾಜಿನ ಲೆಕ್ಕದಲ್ಲಿ ಶುದ್ಧ ಮೂರ್ಖತನ. ಉದ್ದಕ್ಕೂ ಚಾಚಿದ ಠಾಣ್ಯಗಳ ಮೇಲೆ ಕೊರಿಯಾದ ಚೊಂಗ್ ಮುನ್‌ಬುವಿನ ಜನಸೇನೆ ಬಿತ್ತು, ಚಳಿ ಬಿತ್ತು, ಹಿಂದೆ ಬರಬೇಕಾಯಿತು.

1597ರ ಕೊನೆಗೆ ಉಲ್ಸಾನ್‌ನಲ್ಲಿ ಅವಸರದಲ್ಲಿ ಒಂದು ಕೋಟೆ ಎದ್ದಿತು. ಕೆಲಸ ಸುಮಾರು 40 ದಿನ ನಡೆದಿತ್ತು, ಕಲ್ಲುಗೋಡೆ ಎದ್ದಿತ್ತು. ಅಕ್ಕಿ ತುಂಬಿರಲಿಲ್ಲ, ಒಳಗೆ ನೀರಿನ ವ್ಯವಸ್ಥೆ ಇರಲಿಲ್ಲ. ಹಳೆಯ ಪಂಚಾಂಗದ ಹನ್ನೆರಡನೇ ತಿಂಗಳ 22ಕ್ಕೆ ಚೀನಾದ ಮಿಂಗ್ ಮತ್ತು ಕೊರಿಯಾ ಸೇನೆಗಳು ಬಂದು ಸುತ್ತುವರಿದವು. ಆಗ ಸೊಸೆಂಗ್‌ಪೊದಲ್ಲಿದ್ದ ಕಿಯೊಮಾಸ ದೋಣಿಯಲ್ಲಿ ಧಾವಿಸಿ ಕೋಟೆ ಹೊಕ್ಕ. ಒಳಗಿದ್ದವರು ಕುದುರೆ ತಿಂದರು, ಕಾಗದ ತಿಂದರು, ಗೋಡೆಯ ಮಣ್ಣು ಬೇಯಿಸಿ ತಿಂದರು. ರಾತ್ರಿ ಹೊರಗೆ ನುಸುಳಿ ಹೆಣಗಳು ತೇಲುವ ಹೊಂಡದ ನೀರು ತಂದು ಕುಡಿದರು. ಹೊಸ ವರ್ಷದ 4ರ ಹೊತ್ತಿಗೆ ಬೇರೆ ಜಪಾನಿ ಪಡೆಗಳು ಬಂದು ಮುತ್ತಿಗೆ ಸಡಿಲಾಯಿತು.

ಈಗ ಕುಮಾಮೊಟೊ ನೋಡಿ: ಒಂದೇ ಕೋಟೆಯೊಳಗೆ 120 ಬಾವಿ! ಇವತ್ತಿಗೂ 17 ಉಳಿದಿವೆ. ಕೆಳಗೆ ಉದ್ದಕ್ಕೂ ನದಿ ಹರಿಯುತ್ತಿದ್ದರೂ ಗುಡ್ಡದ ಮೇಲೆ ಅಷ್ಟು ಬಾವಿ ತೋಡಿಸುವುದು ಬಾಯಾರಿಕೆ ಕಂಡವನ ಕೆಲಸ.

ತೋಟದಾಚೆ:
ಚಾಪೆಯೊಳಗೆ ಕೆಸುವಿನ ಒಣದಂಟು ತುಂಬಿಸಿದ್ದ, ಗೋಡೆಯ ಗಾರೆಯೊಳಗೆ ಒಣಗಿಸಿದ ಸೋರೆ ಎಳೆ ಹೂತಿಟ್ಟಿದ್ದ, ಮುತ್ತಿಗೆ ಬಿದ್ದರೆ ಕಿತ್ತು ತಿನ್ನಲಿಕ್ಕೆ ಅಂತ ಹೇಳ್ತಾರಲ್ಲ ಮಾರಾಯ್ರೆ, ಅದು ನಿಜವಾ? ಕೋಟೆಗೆ ‘ಗಿಂಕೊ ಕೋಟೆ’ ಅಂತ ಹೆಸರು ಬಂದದ್ದೂ ಬೀಜ ತಿನ್ನಲಿಕ್ಕೆ ಮರ ನೆಡಿಸಿದ್ದರಿಂದಲೇ ಅಂತೆ.

ಪೂರ್ವಸಮುದ್ರ:
ಬಾಯಿಂದ ಬಾಯಿಗೆ ಬಂದ ಮಾತು. ಬಾವಿ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು. ಚಾಪೆ ಉಳಿದಿಲ್ಲ. ಗಿಂಕೊ ಬೀಜ ನಂಬಿ ಸಾವಿರಾರು ಜನರನ್ನು ಸಾಕುವುದು ಆಗದ ಮಾತು. ಜನ ಉಲ್ಸಾನ್ ಮರೆತಿರಲಿಲ್ಲ ಅನ್ನುವುದಕ್ಕೆ ಮಾತ್ರ ಈ ಕಥೆಗಳು ಸಾಕ್ಷಿ.

ಒಂದು ವಿಷಯ ಇಲ್ಲೇ ಹೇಳಿಬಿಡಬೇಕು. ಉಲ್ಸಾನ್ ಅಂದರೆ ಜಪಾನಿಯರ ಹಸಿವು ಮಾತ್ರ ಅಲ್ಲ. ಆ ಕೋಟೆ ಕಟ್ಟಿದ ಕೂಲಿಗಳನ್ನು ಹೇಗೆ ದುಡಿಸಿದರು, ಸೇನೆಯ ಬೆನ್ನಿಗೇ ಬಂದ ವ್ಯಾಪಾರಿಗಳು ಕೊರಿಯಾದ ಜನರನ್ನು ಕುತ್ತಿಗೆಗೆ ಹಗ್ಗ ಬಿಗಿದು ಹೇಗೆ ಕೊಂಡೊಯ್ದರು ಅನ್ನುವುದನ್ನು ಸೇನೆಯ ಜೊತೆಗೇ ಹೋಗಿದ್ದ ಕೆಯ್ನೆನ್ ಎಂಬ ಜಪಾನಿ ಭಿಕ್ಷು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. 1593ರ ಚಿಂಜು ಮುತ್ತಿಗೆಯಲ್ಲಿ ಕೋಟೆ ಬಿದ್ದ ಮೇಲೆ ನಡೆದ ಕಗ್ಗೊಲೆಯಲ್ಲಿ ಕಿಯೊಮಾಸನ ಪಡೆಯೂ ಇತ್ತು. ಕುಮಾಮೊಟೊದಲ್ಲಿ ಅವನು ದೇವರು, ಕೊರಿಯಾದಲ್ಲಿ ರಾಕ್ಷಸ. ಎರಡನ್ನೂ ಒಟ್ಟಿಗೆ ಹಿಡಿಯದೆ ಬರೆದ ಜೀವನಚರಿತ್ರೆ ಕುಂಟುತ್ತದೆ.

ಚೊಂಗ್ ಮುನ್‌ಬುವಿನ ಗೆಲುವನ್ನು ಕೊರೆದ ಶಿಲೆಯ ಹಣೆಬರಹವೂ ಇದೇ ಕಥೆಯ ಬಾಲ. 18ನೇ ಶತಮಾನದ ಮೊದಲಲ್ಲಿ ನಿಲ್ಲಿಸಿದ್ದು. ರಷ್ಯಾ-ಜಪಾನ್ ಯುದ್ಧದ ಕಾಲದಲ್ಲಿ ಜಪಾನಿ ಸೇನೆ ಕಿತ್ತು ಟೋಕಿಯೊದ ಯಾಸುಕುನಿ ದೇಗುಲಕ್ಕೆ ಸಾಗಿಸಿತು. 2005ರಲ್ಲಿ ದಕ್ಷಿಣ ಕೊರಿಯಾಕ್ಕೆ, 2006ರಲ್ಲಿ ಅಲ್ಲಿಂದ ಉತ್ತರ ಕೊರಿಯಾದ ಮೂಲ ಜಾಗಕ್ಕೆ ವಾಪಸ್ಸಾಯಿತು.

ನೀರುಗಂಟಿ:
ಕಲ್ಲಿನ ಮಾತು ಸಾಕಷ್ಟಾಯಿತು, ಈಗ ನೀರು. ಹಿಗೊದ ರೋಗ ಏನು ಅಂದರೆ ಅಸೊ ಜ್ವಾಲಾಮುಖಿ. ಶಿರಕಾವ ನದಿ ಹುಟ್ಟುವುದೇ ಅದರ ಬಾಣಲೆಯೊಳಗೆ. ಮಳೆ ಬಂದರೆ ನೀರಿನ ಜೊತೆ ‘ಯೊನ’ ಅನ್ನುವ ಬೂದಿಮಣ್ಣು ಹೊತ್ತುಕೊಂಡು ಬರುತ್ತದೆ. 1953ರ ಜೂನ್ 26ರ ನೆರೆಯಲ್ಲಿ ಕುಮಾಮೊಟೊ ಪೇಟೆ ಹೂತುಹೋದದ್ದು ಈ ಕೆಸರಿನಲ್ಲೇ. ಇಂಥ ನದಿಯಿಂದ ಕಾಲುವೆ ತೆಗೆದರೆ ಮೊದಲ ಬೇಸಾಯಕ್ಕೆ ನೀರು ಬರುತ್ತದೆ, ಎರಡನೆಯದಕ್ಕೆ ಹೂಳು ತುಂಬುತ್ತದೆ, ಮೂರನೆಯದಕ್ಕೆ ಕಾಲುವೆಯೇ ಇರುವುದಿಲ್ಲ.

ಈಗಿನ ಕಿಕುಯೊ ಪಟ್ಟಣದಲ್ಲಿ ಬಾಬಾಕುಸು ಕಾಲುವೆ ಅಂತಿದೆ, 12 ಕಿಲೋಮೀಟರ್ ಮೇಲ್ಪಟ್ಟು ಉದ್ದ, 1608ರ ಕೆಲಸ ಎನ್ನುತ್ತಾರೆ. ದಾರಿಯಲ್ಲಿ ಒಂದು ದಿಬ್ಬ ಅಡ್ಡ ಬರುತ್ತದೆ, ಅಲ್ಲಿ ಬಂಡೆ ಕಡಿದು ಸುಮಾರು 20 ಮೀಟರ್ ಆಳದ ಕಮರಿ ಮಾಡಬೇಕಾಯಿತು. ತೊಡಕು ಇಲ್ಲೇ. ಬಯಲಿನಲ್ಲಿ ಹೂಳು ತುಂಬಿದರೆ ವರ್ಷಕ್ಕೊಮ್ಮೆ ಊರವರು ಇಳಿದು ಎತ್ತಿ ಹಾಕುತ್ತಾರೆ. 20 ಮೀಟರ್ ಆಳದ ಸಂದಿಯಿಂದ ಬುಟ್ಟಿಯಲ್ಲಿ ಕೆಸರು ಮೇಲೆತ್ತುವುದು ಯಾರ ಕೈಲೂ ಆಗುವುದಿಲ್ಲ.

ಅದಕ್ಕೆ ಮಾಡಿದ ಉಪಾಯ: ಕಾಲುವೆ ಕಡಿಯುವಾಗ ಬಂಡೆಯನ್ನು ಪೂರ್ತಿ ತೆಗೆಯಲೇ ಇಲ್ಲ. ಸುಮಾರು 5 ಮೀಟರಿಗೊಂದರಂತೆ ಒಂದು ಮೀಟರ್ ದಪ್ಪದ ಅಡ್ಡಗೋಡೆ ಹಾಗೇ ಬಿಟ್ಟು, ಪ್ರತಿ ಗೋಡೆಯ ಬುಡದಲ್ಲಿ ಸುಮಾರು 2 ಮೀಟರ್ ಅಗಲದ ತೂತು ಕೊರೆದರು. ನೀರು ಗೋಡೆಗೆ ಬಡಿಯುತ್ತದೆ, ದಾರಿ ಇಲ್ಲದೆ ಬುಡದ ತೂತಿಗೆ ನುಗ್ಗುತ್ತದೆ. ಜಾಗ ಕಿರಿದಾದ್ದರಿಂದ ವೇಗ ಏರುತ್ತದೆ. ಆಚೆಗೆ ಬಂದು ಮುಂದಿನ ಗೋಡೆಗೆ ಬಡಿದು ಸುಳಿ ಏಳುತ್ತದೆ. ಆ ಸುಳಿ ತಳದ ಬೂದಿಯನ್ನು ಕೂರಲು ಬಿಡುವುದಿಲ್ಲ, ಎಬ್ಬಿಸಿ ಮುಂದಿನ ತೂತಿಗೆ ದಾಟಿಸುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಹೂಳೆತ್ತುವ ಕೆಲಸ ನೀರಿನದೇ.

ಇದರ ಹೆಸರು ‘ಹನಗುರಿ-ಇಡೆ’. ಹನ ಅಂದರೆ ಮೂಗು. ಹನಗುರಿ ಎಂದರೆ ದನದ ಮೂಗು ಚುಚ್ಚಿ ಹಾಕುವ ಬಳೆ. ಕನ್ನಡದಲ್ಲಿ ಹೇಳುವುದಾದರೆ ‘ಮೂಗುದಾಣದ ಕಾಲುವೆ’. ಗೋಡೆಯ ತೂತು ನೋಡಿದವರಿಗೆ ಹೆಸರು ವಿವರಿಸಬೇಕಾಗಿಲ್ಲ.

ಚಕ್ಕೆಕಲ್ಲು:
ಗೋಡೆ ಎಷ್ಟಿವೆ?

ನೀರುಗಂಟಿ:
ಮೊದಲು ಸುಮಾರು 80 ಇದ್ದವು, ಈಗ 24. ಹೋದದ್ದು ಹೇಗೆ ಅನ್ನುವುದೇ ನಿಜವಾದ ಪಾಠ. ಎಡೊ ಕಾಲದ, ಅಂದರೆ ಟೊಕುಗಾವ ಶೋಗುನರ ಆಳ್ವಿಕೆಯ, ಕೊನೆಯ ಭಾಗದಲ್ಲಿ ಯಾವನೋ ಅಧಿಕಾರಿಗೆ, ಈ ಗೋಡೆಗಳು ನೀರಿಗೆ ಅಡ್ಡ, ಒಡೆದರೆ ಇನ್ನೂ ಚೆನ್ನಾಗಿ ಹರಿಯುತ್ತದೆ ಅನ್ನಿಸಿತು. ಒಡೆಸಿದ. ಒಡೆದ ಕಡೆಯೆಲ್ಲ ಹೂಳು ಕೂತಿತು, ಕೆಲಸ ನಿಲ್ಲಿಸಬೇಕಾಯಿತು. ಉಳಿದ 24ರ ಭಾಗದಲ್ಲಿ ಇವತ್ತಿಗೂ ನೀರು ಬೂದಿ ಹೊತ್ತುಕೊಂಡೇ ಹೋಗುತ್ತದೆ.

ಮಿದೋರಿಕಾವ ನದಿಯ ಕಡೆಗೆ ಇನ್ನೊಂದು ಬಗೆ, ‘ಕುತ್ಸುವ-ದೊಮೊ’. ಕುದುರೆಯ ಬಾಯಿಗೆ ಹಾಕುವ ಕಡಿವಾಣದ ಆಕಾರದ ಏರಿ. ನದಿ ಕಡೆಗೆ ತಗ್ಗಿನ ಒಳ ಏರಿ, ದೂರದಲ್ಲಿ ಎತ್ತರದ ಹೊರ ಏರಿ, ನಡುವೆ ಬಯಲು. ಸಣ್ಣ ನೆರೆ ಒಳ ಏರಿಗೇ ನಿಲ್ಲುತ್ತದೆ. ದೊಡ್ಡ ನೆರೆ ಒಳ ಏರಿ ಹಾರಿ ಬಯಲಲ್ಲಿ ಹರಡಿ, ವೇಗ ಕಳೆದುಕೊಂಡು, ಹೂಳು ಬಿಟ್ಟು ನಿಧಾನಕ್ಕೆ ನದಿಗೆ ವಾಪಸ್. ಆ ಬಯಲಲ್ಲಿ ಬೆಳೆ ಇಡಬಹುದು. ನೆರೆ ಬಂದ ವರ್ಷ ಬೆಳೆ ಹೋಗುತ್ತದೆ, ಊರು ಉಳಿಯುತ್ತದೆ. ನೀರನ್ನು ಎಲ್ಲ ಕಡೆ ಒಂದೇ ಸಮ ತಡೆಯಬಾರದು, ಎಲ್ಲಿ ಸೋಲಬೇಕೆಂದು ಮೊದಲೇ ಗೊತ್ತು ಮಾಡಿಡಬೇಕು ಅನ್ನುವ ಲೆಕ್ಕ.

ಓಲೆಗರಿ:
ತಕರಾರು. ಕುಮಾಮೊಟೊದಲ್ಲಿ ಯಾವ ಹಳೇ ಕಾಲುವೆ ಕಂಡರೂ ‘ಸೆಯ್‌ಶೊ-ಕೊ ಕಟ್ಟಿಸಿದ್ದು’ ಅನ್ನುತ್ತಾರೆ; ಕಿಯೊಮಾಸನನ್ನು ಅಲ್ಲಿ ಗೌರವದಿಂದ ಕರೆಯುವ ಹೆಸರು ಅದು. ನಮ್ಮಲ್ಲಿ ಹಳೇ ಕಲ್ಲೆಲ್ಲ ಜಕಣಾಚಾರಿ ಕೆತ್ತಿದ್ದು ಅಂದ ಹಾಗೆ. ಅದರಲ್ಲಿ ಎಷ್ಟು ಜೊಳ್ಳು?

ನೀರುಗಂಟಿ:
ಬೇಕಾದಷ್ಟಿದೆ, ಒಪ್ಪಿದೆ. ಫೋಟೋಗಳಲ್ಲಿ ಕಾಣುವ, ನಡುವಿನಿಂದ ನೀರು ಚಿಮ್ಮುವ ತ್ಸೂಜುನ್ ಸೇತುವೆಯನ್ನೂ ಅವನ ತಲೆಗೆ ಕಟ್ಟುವವರಿದ್ದಾರೆ. ಅದು 1854ರದ್ದು, ಅವನು ಸತ್ತು 243 ವರ್ಷವಾಗಿತ್ತು. ಓಜು ಕಡೆಯ ಮೇಲ್ಗಾಲುವೆ ಕಾಟೊ ಮನೆತನದ ಕಾಲದಲ್ಲಿ ಶುರುವಾಗಿ, ಆಮೇಲೆ ಹಿಗೊ ಆಳಿದ ಹೊಸೊಕಾವರ ಕಾಲದಲ್ಲಿ ಮುಗಿದದ್ದು. ಶಿರಕಾವ ಮತ್ತು ತ್ಸುಬೊಯ್ ನದಿಗಳನ್ನು ಬೇರ್ಪಡಿಸಿ, ತ್ಸುಬೊಯ್ ನದಿಯನ್ನು ಕೋಟೆಯ ಒಳಕಂದಕವಾಗಿ, ಶಿರಕಾವವನ್ನು ಹೊರಕಂದಕವಾಗಿ ಬಳಸಿದ ಯೋಜನೆಯನ್ನು ಅವನ ಖಾತೆಗೆ ಧಾರಾಳವಾಗಿ ಬರೆಯಬಹುದು.

ಇನ್ನೊಂದು ಪಾಲು ಖರ್ಚಿನ ಕಡೆಗೆ ಬರೆಯಬೇಕು. ಕೊರಿಯಾಕ್ಕೆ ಜನ, ದೋಣಿ, ಅಕ್ಕಿ ಹೋದದ್ದು ಇದೇ ಹಿಗೊ ರೈತರಿಂದ. 1592ರಲ್ಲೇ, ನಾಯಕ ಸಮುದ್ರದಾಚೆ ಇದ್ದಾಗ, ದಕ್ಷಿಣ ಕ್ಯೂಶುವಿನ ಶಿಮಾಜು ಮನೆತನದ ಕಡೆಯ ಉಮೆಕಿತ ಅವನ ಸಶಿಕಿ ಕೋಟೆಯನ್ನೇ ಹಿಡಿದು ದಂಗೆ ಎಬ್ಬಿಸಿದ. ‘ಬಡವರ ಬಂಧು’ ಚಿತ್ರ ಬಹುಮಟ್ಟಿಗೆ ಆಮೇಲೆ ಬೆಳೆದದ್ದು.

ಮೂಲೆಗಲ್ಲು:
ತಲೆಗೆ ಕಟ್ಟುವ ವಿಷಯಕ್ಕೇ ಒಂದು ತಮಾಷೆ. 1610ರಲ್ಲಿ ಇಯೆಯಾಸು ನಗೋಯ ಕೋಟೆಯ ಕೆಲಸವನ್ನು 20 ಮಂದಿ ಸೀಮೆದಾರರಿಗೆ ಹಂಚಿದ. ಮುಖ್ಯ ಗೋಪುರದ ಕಲ್ಲುಪೀಠ ಕಿಯೊಮಾಸನ ಪಾಲು. ಮೂಲೆಯ ಕಲ್ಲಿನ ಮೇಲೆ ಅವನ ಕಡೆಯವರ ಹೆಸರು ಕೆತ್ತಿರುವುದು ಈಗಲೂ ಓದಬಹುದು. ಅದೇ ಕೋಟೆಯಲ್ಲಿ ಚಾಪೆ ಲೆಕ್ಕದಲ್ಲಿ ಹತ್ತು ಚಾಪೆ ಅಗಲದ ಒಂದು ಭಾರಿ ಕಲ್ಲಿದೆ, ಹೆಸರು ‘ಕಿಯೊಮಾಸ ಕಲ್ಲು’. ಆ ಗೋಡೆ ಕಟ್ಟಿದ್ದು ಕುರೊದ ನಗಮಾಸ! ಪಾಪ, ಕಲ್ಲು ಹೊತ್ತವನು ಒಬ್ಬ, ಹೆಸರು ಹೊತ್ತವನು ಇನ್ನೊಬ್ಬ.

ಎಡೊ, ಅಂದರೆ ಈಗಿನ ಟೋಕಿಯೊ, ಅಲ್ಲಿನ ಕೋಟೆಯ ಕಥೆಯೂ ಕೇಳಿರಬಹುದು. ಹಿಬಿಯ ಕಡೆಯ ಜವುಗು ನೆಲದಲ್ಲಿ ಗೋಡೆ ಕಟ್ಟಬೇಕು. ಕಿಯೊಮಾಸನ ಕಡೆಯ ಮೊರಿಮೊಟೊ ಗಿದಾಯು ಹುಲ್ಲು ಕೊಯ್ಸಿ ತಂದು ಜವುಗಿನ ಮೇಲೆ ಹರಡಿಸಿ, ಹತ್ತು-ಹದಿನಾಲ್ಕು ವರ್ಷದ ಹುಡುಗರನ್ನು ಕರೆದು ಕುಣಿಯಲು ಬಿಟ್ಟನಂತೆ. ಪಕ್ಕದ ಅಸಾನೊ ಪಾಲಿನವರು ಬೇಗ ಮುಗಿಸಿ ನಕ್ಕರು. ಜೋರು ಮಳೆಗೆ ಅವರ ಗೋಡೆ ಕುಸಿಯಿತು, ಇವರದು ನಿಂತಿತು. ನಡೆದ ಬಗೆ ಹೀಗೇ ಎಂದು ಪಣ ಕಟ್ಟಲಾರೆ, ಆದರೆ ಒಳಗಿನ ತರ್ಕ ಸರಿಯಾಗಿದೆ. ಮೆತ್ತನೆ ನೆಲಕ್ಕೆ ಒಮ್ಮೆಗೇ ಭಾರ ಹಾಕಿದರೆ ಒಳಗಿನ ನೀರು ತಪ್ಪಿಸಿಕೊಳ್ಳಲು ಜಾಗ ಸಿಗದೆ ನೆಲ ಜಾರುತ್ತದೆ. ಹುಲ್ಲು ಭಾರ ಹರಡುತ್ತದೆ, ನೀರಿಗೆ ದಾರಿ ಕೊಡುತ್ತದೆ. ನಿಧಾನವಾಗಿ ದಿಮ್ಮಿಸಿದರೆ ಮಣ್ಣು ಕೂರುತ್ತದೆ.

ಪೂರ್ವಸಮುದ್ರ:
ಗಿದಾಯುವಿನ ಹೆಸರು ಬಂದದ್ದರಿಂದ ಭಾರತಕ್ಕೆ ಒಂದು ವಿಚಿತ್ರ ನಂಟು. ಅವನ ಮಗ ಮೊರಿಮೊಟೊ ಉಕೊನ್‌ದಾಯು 1632ರಲ್ಲಿ ಕಾಂಬೋಡಿಯಾದ ಅಂಕೋರ್ ವಾಟ್‌ಗೆ ಹೋಗಿ, ಕಂಬದ ಮೇಲೆ ಮಸಿಯಲ್ಲಿ ಬರೆದಿಟ್ಟು ಬಂದಿದ್ದಾನೆ: ಸಮುದ್ರ ದಾಟಿ ಬಂದೆ, ಬುದ್ಧನ ಮೂರ್ತಿಗಳನ್ನು ಅರ್ಪಿಸಿದೆ, ತಂದೆ ಗಿದಾಯು ಮತ್ತು ತಾಯಿಗಾಗಿ, ಅಂತ. ಆ ಕಾಲದ ಜಪಾನಿಯರು ಅಂಕೋರ್ ವಾಟನ್ನೇ ಶ್ರಾವಸ್ತಿಯ ಜೇತವನ ಎಂದುಕೊಂಡಿದ್ದರು. ಭಾರತಕ್ಕೇ ಬಂದೆನೆಂಬ ಭ್ರಮೆಯಲ್ಲಿ ಬರೆದ ಬರಹ ಅದು. ಹೆಸರಿನ ಮೇಲೆ ಆಮೇಲೆ ಯಾರೋ ಬಣ್ಣ ಬಳಿದಿದ್ದರೂ ಬರಹ ಉಳಿದಿದೆ.

ಚಕ್ಕೆಕಲ್ಲು:
ಕೋಟೆ ನಿಜವಾಗಿ ಯುದ್ಧ ಕಂಡದ್ದು ಅವನು ಸತ್ತು 266 ವರ್ಷಕ್ಕೆ, ಅದನ್ನು ಯಾರೂ ಹೇಳಲಿಲ್ಲ. 1877ರ ಫೆಬ್ರವರಿ 22ರಿಂದ ಸರ್ಕಾರದ ವಿರುದ್ಧ ಬಂಡೆದ್ದ ಸೈಗೊ ತಕಮೊರಿಯ ಸುಮಾರು 13,000 ಜನರ ಪಡೆ ಕೋಟೆಗೆ ಮುತ್ತಿತು. ಒಳಗೆ ತಾನಿ ತತೆಕಿಯ ಕೈಕೆಳಗೆ ಸುಮಾರು 3,500, ಅದರಲ್ಲಿ ಹೆಚ್ಚಿನವರು ಕಡ್ಡಾಯ ಸೇವೆಗೆ ಬಂದ ರೈತರ ಮಕ್ಕಳು. ಮೂರು ದಿನ ಮೊದಲು, 19ರಂದು, ಮುಖ್ಯ ಗೋಪುರ ಸುಟ್ಟುಹೋಗಿತ್ತು, ಕೂಡಿಟ್ಟ ಧಾನ್ಯವೂ ಅದರ ಜೊತೆ. ಅವಸರದಲ್ಲಿ ಮತ್ತೆ ಕೂಡಿಸಿದರು. ಸೈಗೊ ಕಡೆಯವರು ನದಿಗೆ ಕಟ್ಟೆ ಹಾಕಿ ಸುತ್ತ ನೀರು ನಿಲ್ಲಿಸಿಯೂ ನೋಡಿದರು. ಏಪ್ರಿಲ್ 14ಕ್ಕೆ ಸರ್ಕಾರಿ ಪಡೆ ಬಂದು ಸೇರುವವರೆಗೆ ಕೋಟೆ ಬೀಳಲಿಲ್ಲ. ಬಂದೂಕು, ಫಿರಂಗಿಗಳ ಕಾಲದಲ್ಲಿ ಹಳೇ ಕಲ್ಲುಗೋಡೆ 50 ದಿನಕ್ಕೂ ಹೆಚ್ಚು ತಡೆದದ್ದು ಸಣ್ಣ ಮಾತಲ್ಲ.

ತೋಟದಾಚೆ:
ಹಾಗಾದ್ರೆ 2016ರ ಭೂಕಂಪದಲ್ಲಿ ಯಾಕೆ ಬಿತ್ತು? ಅಷ್ಟು ಗಟ್ಟಿ ಇದ್ದ ಗೋಡೆ ಅಲ್ಲವಾ?

ಮೂಲೆಗಲ್ಲು:
ಏಪ್ರಿಲ್ 14ರ ರಾತ್ರಿ 6.5 ತೀವ್ರತೆ, ಏಪ್ರಿಲ್ 16ರ ನಸುಕಿಗೆ 7.3. ಎರಡು ಹೊಡೆತ, ಮೊದಲನೆಯದು ಸಡಿಲಿಸಿತು, ಎರಡನೆಯದು ಕೆಡವಿತು.

ಅಂಕಿ ಹೀಗಿದೆ: ಕೋಟೆಯಲ್ಲಿ ಒಟ್ಟು 973 ಗೋಡೆಮುಖ, ಸುಮಾರು 79,000 ಚದರ ಮೀಟರ್. ಕುಸಿದದ್ದು 229 ಮುಖ, ಸುಮಾರು 8,200 ಚದರ ಮೀಟರ್. ಹೊಟ್ಟೆ ಬಿಟ್ಟ, ಸಡಿಲಾದ ಮುಖಗಳನ್ನೂ ಸೇರಿಸಿದರೆ ಒಟ್ಟು 517. ನದಿ ಪಕ್ಕದ 242 ಮೀಟರ್ ಉದ್ದದ ‘ಉದ್ದಗೋಡೆ’ಯಲ್ಲಿ 80 ಮೀಟರಿನಷ್ಟು ಮಗುಚಿತು.

ಕಾರಣ ನಾನು ಮೇಲೆ ಹೇಳಿದ ಜಲ್ಲಿಪದರದಲ್ಲೇ ಇದೆ. ನೀರು ಇಳಿಸಲು ಅದು ಸಡಿಲವಾಗಿರಬೇಕು. ಸಡಿಲವಾಗಿದ್ದರೆ ಭೂಕಂಪದಲ್ಲಿ ಸೇರಿನೊಳಗೆ ಕುಲುಕಿದ ಕಾಳಿನ ಹಾಗೆ ಜಲ್ಲಿ ಕುಸಿದು ಕೆಳಗೆ ಒತ್ತುತ್ತದೆ, ಮುಖದ ಕಲ್ಲನ್ನು ಹೊರಗೆ ತಳ್ಳುತ್ತದೆ. ಗೋಡೆ ನಡುವಿನಲ್ಲಿ ಹೊಟ್ಟೆ ಬಿಡುತ್ತದೆ; ಒಂದು ಕಲ್ಲು ಜಾರಿದರೆ ಅದರ ಮೇಲಿನವೆಲ್ಲ ಹಿಂದೆಯೇ. ಮಳೆಗೆ ಮದ್ದಾದದ್ದೇ ಕಂಪನಕ್ಕೆ ಮುಳುವು. 1889ರ ಭೂಕಂಪದಲ್ಲೂ ಇಲ್ಲಿ ಗೋಡೆ ಬಿದ್ದಿತ್ತು. 2016ರಲ್ಲಿ ಬಿದ್ದ ಜಾಗಗಳಲ್ಲಿ ಮುಕ್ಕಾಲು ಪಾಲು ಆಗಲೂ ಬಿದ್ದು, ಆಮೇಲೆ ಮತ್ತೆ ಕಟ್ಟಿದ ಜಾಗಗಳೇ. ಹಾಗಾಗಿ ‘ಕಿಯೊಮಾಸನ ಗೋಡೆ ಬಿತ್ತು’ ಅನ್ನುವ ಮುಂಚೆ ಯಾವ ಕಾಲದ ಕೈ ಅಂತ ನೋಡಬೇಕು.

ಈದಾಮರು ಗೋಪುರದ ಚಿತ್ರ ಎಲ್ಲರೂ ನೋಡಿರುತ್ತೀರಿ. ಎರಡೂ ಪಕ್ಕದ ಗೋಡೆ ಸುರಿದುಹೋಗಿ, ಮೂಲೆಯ ಕಲ್ಲುಗಳ ಒಂದೇ ಸಾಲು ಕಂಬದಂತೆ ನಿಂತು ಇಡೀ ಕಟ್ಟಡದ ತುದಿಯನ್ನು ಹೊತ್ತಿತ್ತು. ಉದ್ದ, ಅಡ್ಡ ಹೆಣೆದ ಮೂಲೆಯ ಬಲ ಅದು. ಕೆಳಗೆ ನಿಂತು ಕೆಲಸ ಮಾಡುವುದು ಪ್ರಾಣಾಪಾಯ, ಹಾಗಾಗಿ ಉಕ್ಕಿನ ಭಾರಿ ಚೌಕಟ್ಟು ತಂದು ತೋಳು ಚಾಚಿಸಿ ಗೋಪುರವನ್ನು ಎತ್ತಿ ಹಿಡಿದರು, ಆಮೇಲೆ ಬಿಚ್ಚಿದರು.

ಮತ್ತೆ ಕಟ್ಟುವ ಕ್ರಮ ಬೇಸರ ಹಿಡಿಸುವಷ್ಟು ನಿಧಾನ. ಬಿದ್ದ ಪ್ರತಿ ಕಲ್ಲಿಗೂ ನಂಬರು, ಫೋಟೊ, ಅಳತೆ. ಆಮೇಲೆ ಬಯಲಿನಲ್ಲಿ ಸಾಲಾಗಿ ಜೋಡಿಸಿಡುವುದು. ಹಳೆಯ ಫೋಟೊಗಳಲ್ಲಿ ಕಾಣುವ ಮುಖದ ಆಕಾರಕ್ಕೆ ಕಂಪ್ಯೂಟರಿನಲ್ಲಿ ಹೊಂದಿಸಿ ಯಾವುದು ಎಲ್ಲಿತ್ತು ಎಂದು ಹುಡುಕುವುದು. ಸೀಳಿದ ಕಲ್ಲು ಅಂಟಿಸಿ ಬಳಸಬಹುದಾದರೆ ಅದೇ, ಇಲ್ಲದಿದ್ದರೆ ಅದೇ ಜಾತಿಯ ಹೊಸ ಕಲ್ಲು. ಮುಖ್ಯ ಗೋಪುರದ ಬುಡದಲ್ಲಿ ಜಲ್ಲಿಯ ನಡುವೆ ಜಾಲರಿ ಹಾಸಿದ್ದಾರೆ, ಜಲ್ಲಿ ಜಾರದಿರಲಿ ಅಂತ, ನೀರಿಗೆ ಅಡ್ಡಿಯಿಲ್ಲ. ಗೋಪುರ ಹೇಗಿದ್ದರೂ 1960ರ ಕಾಂಕ್ರೀಟಿನದು, 2021ಕ್ಕೆ ತೆರೆಯಿತು. ಇಡೀ ಕೋಟೆ 2037ಕ್ಕೆ ಮುಗಿಯಬೇಕಿತ್ತು, ಈಗ 2052ಕ್ಕೆ ಹೋಗಿದೆ.

ತೋಟದಾಚೆ:
ಕಟ್ಟಲಿಕ್ಕೆ ಹತ್ತು ವರ್ಷವೂ ಹಿಡಿಯಲಿಲ್ಲ, ದುರಸ್ತಿಗೆ 36 ವರ್ಷ!

ಮೂಲೆಗಲ್ಲು:
ಅವನಿಗೆ ಕಲ್ಲು ಹಳೇ ಜಾಗದಲ್ಲೇ ಕೂರಬೇಕೆಂಬ ಕಟ್ಟಳೆ ಇರಲಿಲ್ಲ.

ಓಲೆಗರಿ:
ಕೊನೆಗಾಲದ ಬಗ್ಗೆ? ವಿಷ ಹಾಕಿದರು ಅನ್ನುವ ಮಾತು ಬರುತ್ತದೆ.

ಪೂರ್ವಸಮುದ್ರ:
1611ರ ಮಾರ್ಚಿನಲ್ಲಿ, ಹಳೆಯ ಪಂಚಾಂಗದಂತೆ, ಕ್ಯೋಟೊದ ನಿಜೊ ಕೋಟೆಯಲ್ಲಿ ಹಿಡೆಯೋಶಿಯ ಮಗ ಹಿಡೆಯೋರಿಯನ್ನು ಇಯೆಯಾಸುವಿನ ಭೇಟಿಗೆ ಜೊತೆಗಿದ್ದು ಕರೆದೊಯ್ದವನು ಇವನು. ವಾಪಸ್ ಬರುವ ಹಡಗಿನಲ್ಲೇ ಕಾಯಿಲೆ ಬಿದ್ದ, ಆರನೇ ತಿಂಗಳ 24ಕ್ಕೆ ಕುಮಾಮೊಟೊದಲ್ಲಿ ತೀರಿಕೊಂಡ. ಸಮಯ ಅನುಮಾನ ಹುಟ್ಟಿಸುವಂಥದ್ದು, ಅದರಿಂದ ವಿಷದ ಕಥೆ. ಪುರಾವೆ ಏನೂ ಇಲ್ಲ.

ಮಗ ಆಗಿನ್ನೂ ಹುಡುಗ, ಹಿರಿಯ ಸೇವಕರು ಎರಡು ಬಣವಾಗಿ ಕಿತ್ತಾಡಿದರು. 1632ರಲ್ಲಿ ಶೋಗುನರು ಸೀಮೆ ಕಿತ್ತುಕೊಂಡು ತದಾಹಿರೊನನ್ನು ಉತ್ತರದ ದೆವ ಪ್ರಾಂತ್ಯಕ್ಕೆ ಅಟ್ಟಿದರು. ಹಿಗೊಗೆ ಬಂದ ಹೊಸೊಕಾವ ತದಾತೊಶಿ ಹೊಸಬ; ಹಳೇ ದೊರೆಯ ನೆನಪನ್ನು ಒರೆಸಲು ಹೋಗಲಿಲ್ಲ, ಗೌರವಿಸಿದ. ರಾಜಕೀಯವಾಗಿ ಜಾಣತನ.

ಹೊನ್ಮ್ಯೊ-ಜಿ ದೇವಾಲಯದ ಗುಡ್ಡದ ಮೇಲೆ ಅವನ ಸಮಾಧಿ, ಎದೆಮಟ್ಟ ಕಡಿದಾದ 176 ಮೆಟ್ಟಿಲು. ಅಲ್ಲಿನ ಮೂರನೇ ಮಠಾಧಿಪತಿ ನಿಚಿಯೊ ಕೊರಿಯಾದಿಂದ ಹುಡುಗನಾಗಿದ್ದಾಗ ಸೆರೆಯಾಗಿ ಬಂದವನು. ಮುಂದೆ ಕಿಯೊಮಾಸನ ಪೂಜೆ ರೋಗ ನಿವಾರಣೆಗೆ, ಅದರಲ್ಲೂ ಕುಷ್ಠಕ್ಕೆ, ಹೆಸರಾಗಿ ರೋಗಿಗಳು ದೇವಾಲಯದ ಹಾದಿಯಲ್ಲೇ ನೆಲೆನಿಂತರು. 1891ರಲ್ಲಿ ಅದನ್ನು ಕಂಡ ಇಂಗ್ಲಿಷ್ ಮಿಷನರಿ ಹನ್ನಾ ರಿಡೆಲ್ 1895ರಲ್ಲಿ ಅವರಿಗಾಗಿ ಆಸ್ಪತ್ರೆ ತೆರೆದಳು.

ನೀರುಗಂಟಿ:
ಅವನ ಕೆಲಸದ ಇನ್ನೊಂದು ಪರಿಣಾಮ ಕಣ್ಣಿಗೆ ಕಾಣುವುದಿಲ್ಲ. ಕುಮಾಮೊಟೊ ನಗರದ ಏಳು ಲಕ್ಷಕ್ಕೂ ಮೇಲ್ಪಟ್ಟ ಜನ ಕುಡಿಯುವುದು ಪೂರ್ತಿ ಅಂತರ್ಜಲ. ಅದು ಎಲ್ಲಿಂದ? ಶಿರಕಾವದ ನಡುಹರಿವಿನ ಓಜು, ಕಿಕುಯೊ ಕಡೆಯ ಗದ್ದೆಗಳಿಂದ. ಅಲ್ಲಿನ ಜ್ವಾಲಾಮುಖಿ ಮಣ್ಣಿನ ಗದ್ದೆಯಲ್ಲಿ ನೀರು ಬೇರೆ ಗದ್ದೆಗಳಿಗಿಂತ 5ರಿಂದ 10 ಪಟ್ಟು ಬೇಗ ಇಂಗುತ್ತದೆ. ಸ್ಥಳೀಯರು ‘ಜರಡಿ ಗದ್ದೆ’ ಅನ್ನುತ್ತಾರೆ. ರೈತನಿಗೆ ಕಾಟ, ಪೇಟೆಗೆ ಬಾವಿ. ಕಾಟೊ ಕಾಲದಿಂದ ಬಂದ ಕಾಲುವೆಗಳು ಆ ಜರಡಿಗೆ ನಾಲ್ಕು ಶತಮಾನದಿಂದ ನೀರು ಸುರಿಯುತ್ತಿವೆ. ಇಂಗಿಸುವ ಉದ್ದೇಶ ಅವನಿಗೆ ಇರಲಿಲ್ಲ, ಅಕ್ಕಿ ಬೇಕಿತ್ತು ಅಷ್ಟೆ. ಭತ್ತದ ಬೇಸಾಯ ಕಡಿಮೆಯಾದಂತೆ ಅಂತರ್ಜಲ ಇಳಿಯಿತು. 2004ರಿಂದ, ಬೇರೆ ಬೆಳೆಯ ನಡುವಿನ ಬಿಡುವಿನಲ್ಲಿ ಗದ್ದೆಗೆ ನೀರು ಕಟ್ಟುವ ರೈತರಿಗೆ ನಗರವೇ ದುಡ್ಡು ಕೊಡುತ್ತಿದೆ.

ಈಗ ಅದೇ ಕಿಕುಯೊದಲ್ಲಿ ತೈವಾನ್ ಮೂಲದ ದೊಡ್ಡ ಚಿಪ್ ಕಾರ್ಖಾನೆ 2024ರಲ್ಲಿ ತೆರೆದಿದೆ. ಅದಕ್ಕೂ ಇದೇ ಅಂತರ್ಜಲ ಬೇಕು, ಮತ್ತು ಸುತ್ತ ಏಳುವ ಕಟ್ಟಡಗಳಿಗೆ ಇದೇ ಗದ್ದೆಗಳ ಜಾಗ ಬೇಕು.

ಚಕ್ಕೆಕಲ್ಲು:
ಪೂರ್ವಸಮುದ್ರ ಅವರೇ, ಕುಮಾಮೊಟೊ ಟ್ರಾಮ್ ಹಾದಿಯಲ್ಲಿ ‘ಉರುಸನ್-ಮಾಚಿ’ ಅಂತ ಒಂದು ನಿಲ್ದಾಣ ಇದೆಯಲ್ಲ, ಅದು ಉಲ್ಸಾನೇ?

ಪೂರ್ವಸಮುದ್ರ:
ಹೌದು. ಅಕ್ಷರವೂ ಅದೇ, ಜಪಾನಿ ಬಾಯಲ್ಲಿ ಉರುಸನ್. ಮಾಚಿ ಎಂದರೆ ಪೇಟೆಯ ಒಂದು ಕೇರಿ. ಉಲ್ಸಾನ್‌ನಿಂದ ತಂದ ಜನರನ್ನು ಇರಿಸಿದ್ದ ಕೇರಿ ಎಂಬ ನಂಬಿಕೆ. ಕೇರಿಯ ಹೆಸರು ಹೋದ ಮೇಲೂ ನಿಲ್ದಾಣದ ಹಲಗೆಯ ಮೇಲೆ ಉಳಿದಿದೆ. ಕೋಟೆಯ ಪಶ್ಚಿಮಕ್ಕೆ, ನಡೆದು ಹೋಗುವಷ್ಟು ಹತ್ತಿರ.